ಜೂಸಬನ ಹಸಿರು

ಭುಜ್
೯ ಫೆಬ್ರವರಿ ೨೦೧೮, ಶುಕ್ರವಾರ

ನನ್ನ ಮಗಳು ಕುಲ್ಸುಮಳಿಗೆ,

ನಿನಗೂ, ಇಲ್ಯಾಸನಿಗೂ, ಮಕ್ಕಳಿಬ್ಬರಿಗೂ ನನ್ನ ಸಲಾಂ ಮತ್ತು ದುಆ. ಕಾಗದ ಕಂಡು ಎದೆ ಹಾರಿಸಿಕೊಳ್ಳಬೇಡ. ಯಾರೂ ಸತ್ತಿಲ್ಲ, ಯಾರೂ ಹಾಸಿಗೆ ಹಿಡಿದಿಲ್ಲ. ಬೆಳಿಗ್ಗೆ ನೀನು ಫೋನ್ ಮಾಡಿದಾಗಲೇ ಎಲ್ಲವನ್ನೂ ಹೇಳಿಬಿಡಬೇಕೆಂದು ಕುರ್ಚಿ ಎಳೆದುಕೊಂಡು ಕೂತಿದ್ದೆ. ಹೇಳಿದ್ದು ಮಾತ್ರ ಮಂಡಿನೋವಿನ ಬಗ್ಗೆ, ಸುಗ್ರಾಳ ಸೊಸೆಯ ಬಗ್ಗೆ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ಬಾಯಿ ತಾನಾಗಿ ಬೇರೆ ದಾರಿ ಹಿಡಿಯುತ್ತದೆ. ಕಾಗದಕ್ಕೆ ದನಿಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಓದಿದ್ದು ಇಷ್ಟಕ್ಕಾದರೂ ಒದಗಲಿ. ಅಕ್ಷರ ಓರೆಕೋರೆಯಾಗಿದ್ದರೆ ನಗಬೇಡ. ಗಂಟು ಕಟ್ಟಿ ಕಟ್ಟಿ ಬಗ್ಗಿದ ಬೆರಳು ಪೆನ್ನಿನ ಮಾತು ಕೇಳುವುದಿಲ್ಲ.

ಹಳೆ ಪೇಟೆಯಲ್ಲಿ ಭೂಕಂಪದಲ್ಲಿ ಅರ್ಧ ಬಿದ್ದು ಅರ್ಧ ಉಳಿದ ಮರದ ಜಾಲರಿಯ ಮನೆ ನೆನಪಿದೆಯಲ್ಲ. ಅದನ್ನು ಒಂದು ಸಂಸ್ಥೆಯವರು ರಿಪೇರಿ ಮಾಡಿಸಿ, ಗಂಟು ಕಟ್ಟಿ ಬಣ್ಣ ಹಾಕುವ ನಮ್ಮ ಬಾಂಧಣಿಗೇ ಒಂದು ಮನೆ ಮಾಡುತ್ತಿದ್ದಾರೆ. ನಾವು ತಲೆಗೆ ಹೊದ್ದ ಹಳೆಯ ಓಢಣಿಗಳನ್ನು ಗಾಜಿನ ಹಿಂದೆ ಇಡುತ್ತಾರಂತೆ. ನಾವು ಹೆಂಗಸರು ಅಲ್ಲೇ ಜಗಲಿಯ ಮೇಲೆ ಕೂತು ಗಂಟು ಕಟ್ಟಬೇಕು, ಬಂದವರು ನೋಡಬೇಕು, ಇಷ್ಟವಾದರೆ ಕೊಳ್ಳಬೇಕು. ಇದನ್ನೆಲ್ಲ ನೋಡಿಕೊಳ್ಳಲು ಅಹಮದಾಬಾದಿನಿಂದ ಉರ್ವಿ ಅಂತ ಒಬ್ಬ ಹುಡುಗಿ ಬಂದಿದ್ದಾಳೆ, ವಿನ್ಯಾಸ ಓದಿದವಳು. ಕೂದಲು ಗಂಡುಮಕ್ಕಳ ಹಾಗೆ, ನಗು ಎಳೆಮಗುವಿನ ಹಾಗೆ. ಮೊದಲ ದಿನವೇ ಎರಡು ಕೆಲಸ ಒಪ್ಪಿಸಿದಳು: ಮನೆಗೊಂದು ಹೆಸರು, ಮತ್ತೆ ಮೂರು ಬಣ್ಣ. ಗೋಡೆ, ಫಲಕ, ಬಟ್ಟೆ ಹಾಕಿಕೊಡುವ ಚೀಲ, ಎಲ್ಲದರ ಮೇಲೂ ಅದೇ ಹೆಸರು, ಅದೇ ಬಣ್ಣ ಬರುತ್ತದಂತೆ. ಆರಿಸುವವರು ನಮ್ಮ ಗಲ್ಲಿಯವರೇ ಆಗಬೇಕು ಎಂದಳು.

ಹೆಸರಿನ ಸಭೆ ನಮ್ಮ ಮನೆಯಲ್ಲೇ ಆಯಿತು. ನೀನಿದ್ದಿದ್ದರೆ ನಕ್ಕು ಸಾಯುತ್ತಿದ್ದೆ. ಉರ್ವಿ ಪುಸ್ತಕ ತೆರೆದು "ರಣದ ರಂಗು" ಎಂದು ಓದಿದಳು. ಪಕ್ಕದ ಮನೆ ಸುಗ್ರಾ ಕೈಯಲ್ಲಿದ್ದ ಗಂಟು ಬಿಡದೆಯೇ, "ಮಗಾ, ನಾನು ಹುಟ್ಟಿದ್ದು ಈ ಗಲ್ಲೀಲಿ, ಸಾಯೋದೂ ಇಲ್ಲೇ. ಆ ರಣದ ಉಪ್ಪಿನ ಬಯಲು ನೋಡಿದ್ದು ಒಂದೇ ಸಲ. ಅದೂ ಬಸ್ಸಿನ ಕಿಟಕೀಲಿ, ವಾಂತಿ ಮಾಡ್ಕೊಳ್ತಾ," ಅಂದಳು. ಉರ್ವಿ ಅದನ್ನು ಹೊಡೆದು ಹಾಕಿ "ವಿರಾಸತ್, ಹಿರಿಯರಿಂದ ಬಂದದ್ದು ಅಂತ" ಎಂದಳು. "ಅದು ಬಸ್ ಸ್ಟ್ಯಾಂಡ್ ಹತ್ರ ಇರೋ ಹೋಟ್ಲು ಕಣೆ. ದಾಬೇಲಿ ಚೆನ್ನಾಗಿರುತ್ತೆ," ಅಂದಳು ಸುಗ್ರಾ. ಕೊನೆಗೆ "ಸಾವಿರ ಗಂಟು" ಅಂದಾಗಲಂತೂ ಸುಗ್ರಾ ತೊಡೆ ತಟ್ಟಿ ನಕ್ಕಳು. "ಸಾವಿರ ಕಟ್ಟೋದು ನನ್ನ ಸೊಸೆ, ಅದೂ ಮೂರು ಸಲ ಚಹಾ ಕುಡಿದು. ನಾವು ಲಕ್ಷದವರು."

ಉರ್ವಿಗೆ ಬೇಜಾರಾಗಲಿಲ್ಲ. ಪುಸ್ತಕ ಮುಚ್ಚಿ, "ಹಾಗಾದ್ರೆ ಮೊದ್ಲು ಬಣ್ಣ ಆರಿಸೋಣ ಮಾಸಿ. ಹೆಸರು ಅದರ ಹಿಂದೇನೇ ಬರುತ್ತೆ," ಅಂದಳು. ಎಲ್ಲರೂ ಪೆಟ್ಟಿಗೆಯಲ್ಲಿರುವ ಹಳೆಯ ಬಟ್ಟೆ ತರಬೇಕೆಂದು ಹೇಳಿ ಹೋದಳು.

ಮರುವಾರ ನಮ್ಮ ಅಂಗಳದಲ್ಲಿ ಓಢಣಿಗಳ ರಾಶಿ. ಮದುವೆಯ ಕೆಂಪು-ಕಪ್ಪು, ಬಾಣಂತಿಯ ಹಳದಿ, ಯಾರದೋ ಅಜ್ಜಿಯ ಕಂದು. ನಾನೂ ಕೆಳಗಿನ ಪೆಟ್ಟಿಗೆಯಿಂದ ಐದಾರು ತೆಗೆದೆ. ಅವುಗಳಲ್ಲಿ ಆ ಹಸಿರು ಇತ್ತು. ಹೌದು ಮಗಳೇ, ಆ ಮೊದಲನೆಯದೇ. ಅದು ಮುಂಬೈಗೆ ಹೋಯಿತೆಂದು ನೀನು ತಿಳಿದಿದ್ದೀಯ. ಮುಂಬೈಗೆ ಹೋದದ್ದೆಲ್ಲ ಅದರ ಮರಿಗಳು. ಆ ಒಂದನ್ನು ನಿನ್ನ ಅಬ್ಬಾ ಮಾರಲಿಲ್ಲ. ಒಂದು ಮೂಲೆಯಲ್ಲಿ ಗಂಟುಗಳನ್ನು ಕೂಡ ಬಿಚ್ಚದೆ ಹಾಗೇ ಇಟ್ಟಿದ್ದರು. ಭೂಕಂಪದಲ್ಲಿ ಅಟ್ಟ ಕುಸಿದರೂ ಆ ಪೆಟ್ಟಿಗೆಗೆ ಏನೂ ಆಗಿರಲಿಲ್ಲ.

ಉರ್ವಿ ಅದನ್ನು ಎತ್ತಿ ಬಿಸಿಲಿಗೆ ಹಿಡಿದಳು. ಬೇಸಿಗೆಯಲ್ಲಿ ಪೀಲು ಮರದ ಎಲೆಯ ಮೇಲೆ ಧೂಳು ಕೂತಾಗ ಬರುತ್ತದಲ್ಲ, ಹಸಿರೂ ಅಲ್ಲದ ಬೂದಿಯೂ ಅಲ್ಲದ ಬಣ್ಣ, ಅದರ ನಡುವೆ ಬಿಳಿ, ಹಳದಿ ಚುಕ್ಕಿ. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ, "ಇದು ಯಾರ ಕೈ?" ಅಂದಳು.

"ಜೂಸಬನ ಹಸಿರು," ಎಂದು ಗಲ್ಲಿಯೆಲ್ಲ ಒಂದೇ ಬಾಯಲ್ಲಿ ಹೇಳಿತು. ನಿನ್ನ ತಮ್ಮ ಸಿಧಿಕ ಬಣ್ಣದ ಹಂಡೆಯ ಬಳಿಯಿಂದ ಒದ್ದೆ ಕೈಯಲ್ಲೇ ಓಡಿಬಂದ. "ಅಬ್ಬಾದು. ಇಡೀ ಕಛ್‌ನಲ್ಲಿ ಇದನ್ನ ಮಾಡ್ತಿದ್ದೋರು ಅಬ್ಬಾ ಒಬ್ರೇ. ಈಗ ನಾನು ಮಾಡ್ತೀನಿ, ಆದ್ರೆ ಅಷ್ಟು ಸರಿಯಾಗಿ ಬರಲ್ಲ," ಅಂದ. ಅದು ಯಾಕೆ ಅವನಿಗೆ ಸರಿಯಾಗಿ ಬರುವುದಿಲ್ಲ ಎಂದು ನನಗೊಬ್ಬಳಿಗೆ ಗೊತ್ತಿತ್ತು.

ಆ ಹಸಿರು, ಮದುವೆಯ ಕೆಂಪು, ಮತ್ತೆ ಗಂಟು ಬಿಚ್ಚಿದ ಮೇಲೆ ಉಳಿಯುವ ಹಾಲುಬಿಳಿ, ಈ ಮೂರು ಬಣ್ಣ ಆಗಲಿ ಎಂದಳು ಉರ್ವಿ. ಮನೆಗೆ ಆ ಬಣ್ಣ ಕಂಡುಹಿಡಿದವರ ಹೆಸರೇ ಇರಲಿ, ಅದಕ್ಕಿಂತ ದೊಡ್ಡ ಹೆಸರು ಬೇಕಿಲ್ಲ ಎಂದಳು. "ಜೂಸಬನ ಹಸಿರು" ಎಂದು ತನ್ನ ಪುಸ್ತಕದಲ್ಲಿ ದೊಡ್ಡದಾಗಿ ಬರೆದು ಸುತ್ತ ಒಂದು ಗೆರೆ ಎಳೆದಳು. ಸುಗ್ರಾ ಕೂಡ ಚುಚ್ಚಲಿಲ್ಲ. ಸಿಧಿಕನ ಕಣ್ಣಲ್ಲಿ ನೀರು ಬಂತು. ಆಮೇಲೆ ಉರ್ವಿ ಫೋನನ್ನು ನನ್ನ ಮುಂದೆ ಹಿಡಿದು, ಆ ಬಣ್ಣ ಹೇಗೆ ಹುಟ್ಟಿತು ಹೇಳಿ ಮಾಸಿ, ಬಂದವರು ಕೇಳಿಸಿಕೊಳ್ಳುವ ಹಾಗೆ ಗೋಡೆಯಲ್ಲಿ ಇಡುತ್ತೇವೆ ಎಂದಳು.

ನಾನು ಹೇಳಿದೆ. ಗಿರಾಕಿಗಳಿಗೆ ನಮ್ಮ ಮನೆಯಲ್ಲಿ ಹೇಳುತ್ತ ಬಂದ ಕತೆಯನ್ನೇ ಹೇಳಿದೆ. ನಿನ್ನ ಅಬ್ಬಾ ಬೇಸಿಗೆಯ ಒಂದು ಮಧ್ಯಾಹ್ನ ಪೀಲು ಮರದ ಕೆಳಗೆ ನಮಾಜು ಮುಗಿಸಿ ಮುಖ ಎತ್ತಿದರು, ಎಲೆಯ ಬಣ್ಣ ಕಂಡಿತು, ಮನೆಗೆ ಬಂದು ಏಳು ದಿನ ಹಂಡೆಯ ಮುಂದೆ ಕೂತರು ಎಂಬ ಕತೆ. ಚೆನ್ನಾಗಿಯೇ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ತೀರಿಹೋದ ಗಂಡನನ್ನು ನೆನೆದು ಅಳುತ್ತಿದ್ದಾಳೆ ಎಂದು ಎಲ್ಲರೂ ತಲೆ ತಗ್ಗಿಸಿದರು. ಉರ್ವಿ ನನ್ನ ಕೈ ಹಿಡಿದುಕೊಂಡಳು. ನನ್ನ ಕೈಯನ್ನು ಅವಳು ಅಷ್ಟು ಪ್ರೀತಿಯಿಂದ ಹಿಡಿಯಬಾರದಿತ್ತು.

ಈಗ ನಿಜ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೂ ನನ್ನ ಕೈಯಿಂದ ಒಮ್ಮೆ ಬರಲಿ.

ಆಗ ನಿನಗೆ ಹದಿನೇಳು. ಗಲ್ಲಿಯವರೆಲ್ಲ ಡಬ್ಬದ ಬಣ್ಣ ಹಿಡಿದಿದ್ದರೂ ನಿನ್ನ ಅಬ್ಬಾ ದಾಳಿಂಬೆ ಸಿಪ್ಪೆ, ಮಂಜಿಷ್ಠದ ಬೇರು ಬಿಟ್ಟಿರಲಿಲ್ಲ. ನಮ್ಮಲ್ಲಿ ಗಂಟು ಹೆಂಗಸರದು, ಹಂಡೆ ಗಂಡಸರದು. ಗಂಟಿಗೆ ಬಟ್ಟೆ ಎತ್ತಲು ಹೆಂಗಸು ಕಿರುಬೆರಳಿನ ಉಗುರು ಬೆಳೆಸಬೇಕು, ಗಂಡಸಿನ ಕೈ ಕಪ್ಪಾಗಬೇಕು. ನೀನು ಮಾತ್ರ ಎಂಟು ವರ್ಷದವಳಿದ್ದಾಗಿನಿಂದ ಹಂಡೆಯ ಅಂಗಳದ ಬಾಗಿಲಲ್ಲೇ ನಿಂತಿರುತ್ತಿದ್ದೆ. ನಾನು ಕೂಗಿ ಕೂಗಿ ಒಳಗೆ ಕೂರಿಸುತ್ತಿದ್ದೆ.

ಅಂಜಾರಿನ ಒಂದು ಮದುವೆಯ ಓಢಣಿ ಅದು. ಮೂರು ತಿಂಗಳು ನಾನೇ ಕಟ್ಟಿದ್ದೆ. ಬಿಳಿಯ ಚುಕ್ಕಿ ಕಟ್ಟಿ, ಹಳದಿಯಲ್ಲಿ ಅದ್ದಿ, ಮತ್ತೆ ಹಳದಿಯ ಚುಕ್ಕಿ ಕಟ್ಟಿ ಆಗಿತ್ತು. ಇನ್ನು ಕೆಂಪು, ಆಮೇಲೆ ಕಪ್ಪು. ತಿಳಿಯಿಂದ ಗಾಢಕ್ಕೆ ಹೋಗುವ ದಾರಿ ಒಂದೇ, ತಿರುಗಿ ಬರುವ ದಾರಿ ಇಲ್ಲ. ಅಷ್ಟರಲ್ಲಿ ಅಂಜಾರಿನಲ್ಲಿ ನಿನ್ನ ಅಬ್ಬಾನ ಚಾಚಾ ತೀರಿಕೊಂಡರು, ಅಬ್ಬಾ ಅಲ್ಲಿಗೆ ಹೊರಟುಹೋದರು. ಮೂಲೆಯಲ್ಲಿ ಚೆಲ್ಲಲೆಂದು ಇಟ್ಟಿದ್ದ ಹಳಸಲು ಕಬ್ಬಿಣದ ನೀರಿತ್ತು, ತುಕ್ಕು ಹಿಡಿದ ಲಾಳ ಮತ್ತು ಬೆಲ್ಲ ಕೊಳೆಸಿ ಮಾಡಿದ್ದು, ಮೂರು ಸಲ ಬಳಸಿ ಶಕ್ತಿ ಹೋದದ್ದು. ಹೊಸ ನೀರಿನಲ್ಲಿ ಬಟ್ಟೆ ಇದ್ದಿಲಿನಂತೆ ಕಪ್ಪಾಗುತ್ತದೆ. ಈ ಸತ್ತ ನೀರಿನಲ್ಲಿ ಏನಾಗುತ್ತದೆ ಎಂದು ನಮ್ಮ ಗಂಡಸರು ಯಾರೂ ನೋಡಿರಲಿಲ್ಲ, ಯಾಕೆಂದರೆ ಸತ್ತದ್ದನ್ನು ಚೆಲ್ಲುವುದೇ ಅವರ ರೂಢಿ. ನೀನು ನೋಡಿದೆ. ನನ್ನ ಮೂರು ತಿಂಗಳನ್ನು ಅದರಲ್ಲಿ ಅದ್ದಿದೆ.

ನೀರು ಸೋರುವ ಬಟ್ಟೆ ಹಿಡಿದು ಅಡುಗೆಮನೆಗೆ ಓಡಿಬಂದೆ. ಮೊಣಕೈವರೆಗೆ ಕಪ್ಪು. ಮುಖ ತುಂಬ ನಗು. "ಮಾ, ನೋಡು, ಇದಕ್ಕೆ ನಾನು ಹೆಸರೂ ಇಟ್ಟಿದ್ದೀನಿ," ಎಂದು ಆ ಹೆಸರು ಹೇಳಿದೆ. ನಾನು ಕೆನ್ನೆಗೆ ಹೊಡೆದೆ. ಮದುವೆಮನೆಯವರಿಗೆ ಏನು ಹೇಳುವುದು ಎಂಬ ಸಿಟ್ಟು. ಇನ್ನೊಂದು ಬಟ್ಟೆಗೆ ಆರು ಹೆಂಗಸರು ಕೂತು ಹಗಲೆಲ್ಲ ಗಂಟು ಕಟ್ಟಬೇಕಾಯಿತು. ಆ ವಾರವಿಡೀ ನಿನ್ನೊಡನೆ ಮಾತು ಬಿಟ್ಟೆ.

ನಿನ್ನ ಅಬ್ಬಾ ಬಂದು ಆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಮರುದಿನ ಮುಂಬೈ ವ್ಯಾಪಾರಿ ಬಂದ, ಕಣ್ಣರಳಿಸಿದ, ಇಂಥವು ಇಪ್ಪತ್ತು ಬೇಕು ಎಂದ. ಸಂಜೆಯೊಳಗೆ ಗಲ್ಲಿಯೆಲ್ಲ ಜೂಸಬನ ಹೊಸ ಹಸಿರಿನ ಸುದ್ದಿ. ನೀನು ಮೆಟ್ಟಿಲಿಳಿದು ಬಂದು ನನ್ನನ್ನು ಕೇಳಿದೆ. "ಮಾ, ಅಬ್ಬಾ ತಮ್ಮದು ಅಂದ್ರಾ?" ನಾನು ಹಿಟ್ಟು ನಾದುತ್ತಿದ್ದೆ. "ಹೌದು, ಅಂದ್ರು. ಗಂಡಸರು ಹಾಗೇನೇ. ನೀನು ಸುಮ್ನಿರು," ಅಂದೆ. ನೀನು ಸುಮ್ಮನಾದೆ. ಹಾಗೆ ಸುಮ್ಮನಾದವಳು ನಿನ್ನ ಅಬ್ಬಾನ ಎದುರು ಮತ್ತೆ ಬಾಯಿ ತೆರೆಯಲೇ ಇಲ್ಲ.

ಆ ಇಪ್ಪತ್ತಕ್ಕೆ ಅಳತೆ ಬೇಕಿತ್ತು. ಅಬ್ಬಾಗೆ ಒಂದು ಸಲ ಬೂದಿ ಬರುತ್ತಿತ್ತು, ಒಂದು ಸಲ ಕೆಸರು. ನಿನ್ನ ತಲೆಗೆ ಎಣ್ಣೆ ಹಚ್ಚುತ್ತ ನಾನು ಕೇಳಿದೆ, ನೀರು ಎಷ್ಟು ದಿನದ್ದು, ಬಟ್ಟೆ ಎಷ್ಟು ಹೊತ್ತು. ಕುರಾನಿನ ಸಣ್ಣ ಸೂರಾ ಒಂದನ್ನು ಏಳು ಸಲ ಓದುವಷ್ಟು ಹೊತ್ತು ಎಂದೆ ನೀನು. ನಿನ್ನ ಅಬ್ಬಾ ಹೊತ್ತನ್ನು ಬೀಡಿಯಿಂದ ಅಳೆಯುವವರು. ನಾನು ಮನಸ್ಸಿನಲ್ಲೇ ಏಳು ಸಲ ಓದಿ, ಬೀಡಿ ಉರಿಯುವುದನ್ನು ನೋಡಿ, ಮುಕ್ಕಾಲು ಬೀಡಿ ಎಂದು ಅವರಿಗೆ ಹೇಳಿದೆ. ಎರಡು ವರ್ಷ, ನಿನ್ನ ಮದುವೆಯಾಗುವವರೆಗೂ ಹೀಗೇ ನಡೆಯಿತು. ಚಳಿಗಾಲ ಬಂದರೆ ಅಳತೆ ಬದಲು, ಮಳೆ ಬಂದರೆ ಬದಲು. ಪ್ರತಿ ಸಲ ನಿನ್ನ ತಲೆಗೆ ಎಣ್ಣೆ. ನಾನು ಯಾಕೆ ಅಷ್ಟು ಅಕ್ಕರೆಯಿಂದ ತಲೆ ಸವರುತ್ತೇನೆ ಎಂದು ಗೊತ್ತಿದ್ದೂ ನೀನು ಹೇಳುತ್ತಿದ್ದೆ. ನೀನು ಜಾಮ್‌ನಗರಕ್ಕೆ ಹೋದ ಮೇಲೆ ಆ ಹಸಿರು ಮೊದಲಿನಂತೆ ಬರಲೇ ಇಲ್ಲ. ಸಿಧಿಕನಿಗೆ ಸಿಕ್ಕಿರುವುದು ಬೀಡಿಯ ಅಳತೆ ಮಾತ್ರ.

ಜಾಮ್‌ನಗರದವರು ನಿನ್ನನ್ನು ನೋಡಲು ಬಂದ ದಿನವನ್ನೂ ಬರೆಯಬೇಕು. ನಮ್ಮಲ್ಲಿ ಹುಡುಗಿಯ ಮುಖಕ್ಕಿಂತ ಮೊದಲು ಬೆರಳು ನೋಡುತ್ತಾರೆ. ನೀನು ಗುಟ್ಟಾಗಿ ಹಂಡೆಗೆ ಕೈ ಹಾಕಿ ಹಾಕಿ ಉಗುರಿನ ಸಂದೆಲ್ಲ ಕಪ್ಪಾಗಿತ್ತು. ನಿಂಬೆಹಣ್ಣು, ಆಮೇಲೆ ಬಟ್ಟೆ ಬಿಳುಪು ಮಾಡುವ ಪುಡಿ, ಕೊನೆಗೆ ಹಂಚಿನ ಚೂರು. ರಕ್ತ ಬಂದರೂ ನಾನು ಉಜ್ಜುವುದು ಬಿಡಲಿಲ್ಲ. ಮೆಹಂದಿ ಹಚ್ಚಿ ಅದನ್ನು ಮುಚ್ಚಿದೆ. ಅವರು ನಿನ್ನ ಕೈ ಹಿಡಿದು ಮೆಚ್ಚಿಕೊಂಡರು. ಆಮೇಲೆ ನೀನು ಗಂಟನ್ನೂ ಕಟ್ಟಲಿಲ್ಲ, ಬಣ್ಣವನ್ನೂ ಮುಟ್ಟಲಿಲ್ಲ. ಇಲ್ಯಾಸನ ಹಿತ್ತಾಳೆ ಕಾರ್ಖಾನೆಯ ಲೆಕ್ಕ ಬರೆದುಕೊಂಡು ಇದ್ದುಬಿಟ್ಟೆ. ನಿನ್ನ ಅಬ್ಬಾ ತೀರಿಕೊಂಡಾಗ ಮೂರನೆಯ ದಿನ ಬಂದು ಬಾಗಿಲಲ್ಲೇ ನಿಂತು ಸುಗ್ರಾಳಿಗೆ ಹೇಳಿದ್ದು ನನಗೆ ಕೇಳಿಸಿತು. "ಅವರಿಗೆ ಸಿಕ್ಕ ಹೆಸರು ಅವರ ಜೊತೆಗೇ ಹೋಗ್ಲಿ, ಮಾಸಿ."

ಆ ಹೆಸರು ಹೋಗಲಿಲ್ಲ. ಈಗ ಗೋಡೆ ಹತ್ತಲು ಹೊರಟಿತ್ತು.

ಮೊನ್ನೆ ಬುಧವಾರ ಆ ಮನೆಯ ಮುಂದೆ ಹೋದೆ. ಗೋಡೆಗೆ ಹಸಿರು ಹಚ್ಚಿ ಆಗಿತ್ತು. ಪೇಂಟರ್ ಏಣಿ ಹತ್ತಿ ಫಲಕದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಗುರುತು ಮಾಡುತ್ತಿದ್ದ. 'ಜೂ' ಎಂಬ ಒಂದು ಅಕ್ಷರ ಮುಗಿದಿತ್ತು. ಹೇಳಬೇಕೆಂದು ಹೋದವಳು ಅವನಿಗೆ ಬಿಸಿಲಲ್ಲಿ ನಿಂತಿದ್ದೀಯ ನೀರು ಕುಡಿ ಎಂದು ಹೇಳಿ ಮನೆಗೆ ಬಂದೆ. ನನ್ನ ಧೈರ್ಯ ಅಷ್ಟೇ.

ನಿನ್ನೆ ಗುರುವಾರ ಮತ್ತೆ ಹೋದೆ. ಉರ್ವಿಯೂ ಸುಗ್ರಾಳೂ ಜಗಲಿಯ ಮೇಲೆ ಖಾಖ್ರಾ ತಿನ್ನುತ್ತ ಕೂತಿದ್ದರು. ಕೂರಲೂ ಇಲ್ಲ, ನಿಂತೇ ಹೇಳಿದೆ. ಬಣ್ಣ ನನ್ನ ಮಗಳದು, ಪೀಲು ಮರದ ಕತೆ ಸುಳ್ಳು, ಆ ರೆಕಾರ್ಡನ್ನು ಅಳಿಸು ಎಂದೆ. ಉರ್ವಿಯ ಬಾಯಲ್ಲಿದ್ದದ್ದು ಬಾಯಲ್ಲೇ ಉಳಿಯಿತು. ಸುಗ್ರಾ ಮಾತ್ರ ಆರಾಮವಾಗಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಗೊತ್ತಿತ್ತು ಕಣೇ ಹೂರಬಾಯಿ," ಅಂದಳು. "ಹುಡುಗಿ ಕೈ ಕಪ್ಪಾಗಿದ್ದು ಗಲ್ಲಿಗೆಲ್ಲ ಕಾಣ್ತಿತ್ತು. ನಮಗೆ ಕಣ್ಣಿರ್ಲಿಲ್ವಾ?"

"ಹಾಗಾದ್ರೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೆತ್ತವಳೇ ಹೇಳ್ಲಿಲ್ಲ. ನಾವು ಯಾರು ಹೇಳೋಕೆ?"

ನಾನು ಇಷ್ಟು ವರ್ಷ ಕಾದದ್ದು ಗುಟ್ಟು ಕೂಡ ಆಗಿರಲಿಲ್ಲ ನೋಡು.

ಹಾಗಾದರೆ ಕುಲ್ಸುಮಳ ಹೆಸರನ್ನೇ ಹಾಕೋಣವೇ ಎಂದು ನಾನು ಕೇಳಿದ್ದಕ್ಕೆ ಉರ್ವಿ ಬೇಡವೆಂದು ತಲೆಯಾಡಿಸಿದಳು. "ಅವರನ್ನ ಕೇಳದೆ ಹಾಕಲ್ಲ ಮಾಸಿ. ಒಂದ್ಸಲ ಕೇಳದೆ ಆಗಿದ್ದೇ ಸಾಕು. ಮಾಡಿದೋರು ಅವರು, ಏನು ಕರೀಬೇಕು ಅಂತಾನೂ ಅವರೇ ಹೇಳ್ಲಿ." ಪೇಂಟರನನ್ನು ಕರೆದು ಸೀಮೆಸುಣ್ಣ ಒರೆಸಿಸಿದಳು. ಬಾಗಿಲು ತೆರೆಯುವುದು ಮಾರ್ಚ್ ಒಂದಕ್ಕೆ. ಫೆಬ್ರವರಿ ಇಪ್ಪತ್ತರವರೆಗೆ ಕಾಯುತ್ತಾರಂತೆ.

ಸಿಧಿಕ ನಿನ್ನೆಯಿಂದ ನಾನು ಮಾಡಿದ ರೊಟ್ಟಿ ಮುಟ್ಟಿಲ್ಲ. "ಅಬ್ಬಾ ಹೆಸರಿದ್ರೆ ನಾಲ್ಕು ಜನ ನನ್ನ ಅಂಗಳಕ್ಕೆ ಬರ್ತಿದ್ರು. ಅಕ್ಕನ ಹೆಸರು ಹಾಕಿದ್ರೆ 'ಅಪ್ಪ ಕಳ್ಳ, ಮಗ ಕಳ್ಳನ ಮಗ' ಅಂತಾರೆ. ಸತ್ತೋರ ಮುಖಕ್ಕೆ ಮಸಿ ಬಳಿಯೋಕೆ ನಿಂಗೆ ಈಗ್ಲೇ ಹೊತ್ತು ಸಿಕ್ತಾ?" ಅಂದ. ಅವನ ಮಾತಿಗೆ ನನ್ನ ಬಳಿ ಉತ್ತರವಿತ್ತು. ಆದರೆ ಅವನಿಗೆ ಕೊಡಲಿಲ್ಲ.

ಕುಲ್ಸುಮಾ, ನಾನು ಈ ಕಾಗದ ಬರೆಯುತ್ತಿರುವುದು ಆ ಹೆಸರಿಗಾಗಿ. ಅಂದು ಅಡುಗೆಮನೆಯಲ್ಲಿ ನೀನು ಆ ಬಣ್ಣಕ್ಕೆ ಒಂದು ಹೆಸರು ಹೇಳಿದ್ದೆ. ನನಗೆ ನೆನಪಿಲ್ಲ. ನಿನ್ನೆಯಿಂದ ತಲೆ ಚಚ್ಚಿಕೊಳ್ಳುತ್ತಿದ್ದೇನೆ. ನೀನು ನಿಂತ ಜಾಗ ನೆನಪಿದೆ, ನೆಲದ ಮೇಲೆ ಬಿದ್ದ ಹನಿ ನೆನಪಿದೆ, ಒಲೆಯ ಮೇಲಿದ್ದ ಕಿಚಡಿ ನೆನಪಿದೆ. ಹೆಸರು ಮಾತ್ರ ಇಲ್ಲ. ಮರೆತೆ ಎಂದರೂ ತಪ್ಪಾಗುತ್ತದೆ, ನಾನು ಕೇಳಿಸಿಕೊಂಡೇ ಇರಲಿಲ್ಲ. ಅದು ಎರಡು ಅಕ್ಷರವೋ ನಾಲ್ಕೋ, ಹೂವಿನದೋ ಊರಿನದೋ, ನಿನ್ನದೇ ಹೆಸರೋ, ಒಂದೂ ತಿಳಿಯದು. ಇಡೀ ಲೋಕದಲ್ಲಿ ಅದನ್ನು ಬಲ್ಲವಳು ನೀನೊಬ್ಬಳು.

ಅದನ್ನು ಬರೆದು ಕಳಿಸು. ಒಂದು ಚೀಟಿಯಲ್ಲಿ ಅಷ್ಟೇ ಬರೆದರೂ ಸಾಕು, ಸಲಾಂ ಕೂಡ ಬೇಡ. ಕಳಿಸಲು ಮನಸ್ಸಿಲ್ಲದಿದ್ದರೆ ಕಳಿಸಬೇಡ. ಹಾಗಾದರೆ ಫಲಕವನ್ನು ಖಾಲಿ ಬಿಡಿ ಎಂದು ಉರ್ವಿಗೆ ಹೇಳಿದ್ದೇನೆ, ಅವಳು ಒಪ್ಪಿದ್ದಾಳೆ. ಬಂದವರು ಇದೇನು ಬರೀ ಹಸಿರು ಹಲಗೆ ಎಂದು ಕೇಳಲಿ. ನಾನು ಜಗಲಿಯ ಮೇಲೆ ಕೂತಿರುತ್ತೇನಲ್ಲ, ಯಾಕೆಂದು ಹೇಳುತ್ತೇನೆ.

ಮಾರ್ಚ್ ಒಂದಕ್ಕೆ ಬಾ ಎನ್ನುವ ಮುಖ ನನಗಿಲ್ಲ. ಬಂದರೆ ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ. ಮಕ್ಕಳಿಗೆ ನನ್ನ ಮುತ್ತು ಕೊಡು. ಇಲ್ಯಾಸನ ಕೆಮ್ಮಿಗೆ ಜೇನು-ಶುಂಠಿ ಬಿಡಬೇಡ.

ನಿನ್ನ ಮಾ,
ಹೂರಬಾಯಿ

ತಾ.ಕ.: ಲಕೋಟೆಗೆ ಗೋಂದು ಹಚ್ಚಿ ಮತ್ತೆ ಬಿಡಿಸಿದೆ. ಮೇಲೆ ಬರೆದದ್ದರಲ್ಲಿ ಅರ್ಧವನ್ನು ನುಂಗಿದ್ದೇನೆ.

ನೀನು ಹಿಟ್ಟು ನಾದುತ್ತಿದ್ದ ನನ್ನನ್ನು ಕೇಳಿದಾಗ, ಅಬ್ಬಾ ತಮ್ಮದೆಂದರು ಎಂದು ಹೇಳಿದೆನಲ್ಲ, ಅವರು ಹಾಗೆ ಅನ್ನಲಿಲ್ಲ. ಅಂಜಾರಿನಿಂದ ಬಂದು ಆ ಬಟ್ಟೆ ನೋಡಿದಾಗ ಅವರು ಹೇಳಿದ್ದೇ ಬೇರೆ. "ಕುಲ್ಸುಮಳ ಮಾ, ಮೂವತ್ತು ವರ್ಷ ಹಂಡೆ ಮುಂದೆ ಕೂತ್ರೂ ನಂಗಿದು ಸಿಗ್ಲಿಲ್ಲ. ನಾಳೆಯಿಂದ ಅವಳು ನನ್ನ ಪಕ್ಕ ಕೂರ್ಲಿ. ಜನ ಏನಾದ್ರೂ ಅನ್ಲಿ." ನಾನು ಬಟ್ಟೆಯನ್ನು ಅವರ ಕೈಯಿಂದ ಕಿತ್ತುಕೊಂಡೆ. ಅವಳನ್ನು ಅಂಗಳಕ್ಕೆ ಕರೆದರೆ ನಾನು ಮಾಂಡವಿಗೆ ನನ್ನ ತವರಿಗೆ ಹೋಗುತ್ತೇನೆ, ಗಂಟು ಕಟ್ಟಲು ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಮರುದಿನ ವ್ಯಾಪಾರಿ ಯಾರ ಕೈ ಎಂದು ಕೇಳಿದಾಗ ಅವರು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ "ಇವರದೇ" ಎಂದವಳು ನಾನು. ಪೀಲು ಮರದ ಕತೆ ಕಟ್ಟಿದವಳೂ ನಾನು. ಅವರು ಅದನ್ನು ಒಂದು ದಿನವೂ ಹೇಳಲಿಲ್ಲ. ಯಾರಾದರೂ ಕೇಳಿದರೆ "ಒಳಗೆ ಕೇಳಿ" ಎಂದು ಎದ್ದುಹೋಗುತ್ತಿದ್ದರು.

ನಿನ್ನ ಮದುವೆಗಾಗಿ ಹಾಗೆ ಮಾಡಿದೆ ಎಂದು ಅವರಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಅದಲ್ಲ. ಒಂಬತ್ತು ವರ್ಷದವಳಿದ್ದಾಗಿನಿಂದ ಗಂಟು ಕಟ್ಟಿದ್ದೇನೆ, ಗಂಟು ಯಾರದೆಂದು ಒಬ್ಬ ವ್ಯಾಪಾರಿಯೂ ಕೇಳಿದವನಲ್ಲ. ಆ ಬಟ್ಟೆಯಲ್ಲಿ ನನ್ನದು ಮೂರು ತಿಂಗಳಿತ್ತು, ನಿನ್ನದು ಸೂರಾ ಏಳು ಸಲ ಓದುವಷ್ಟು ಹೊತ್ತು. ನಿನ್ನ ಅಬ್ಬಾ ಅದನ್ನು ಬಿಸಿಲಿಗೆ ಹಿಡಿದು ನಿನ್ನ ಬಣ್ಣ ನೋಡಿದರು, ನನ್ನ ಗಂಟಿನ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಹೆತ್ತ ಮಗಳ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು, ಕುಲ್ಸುಮಾ.

ಕೊನೆಯ ವಾರ ಅವರು, "ಈಗ್ಲಾದ್ರೂ ಅವಳಿಗೆ ಹೇಳು," ಎಂದರು. ಹೇಳುತ್ತೇನೆ ಎಂದೆ. ನೀನು ಬಂದು ಬಾಗಿಲಲ್ಲಿ ನಿಂತ ದಿನವೂ ಹೇಳಲಿಲ್ಲ. ಆ ಮನುಷ್ಯ ಹದಿನೆಂಟು ವರ್ಷ ಒಂದು ಮಾತಾಡದೆ ನಿನ್ನ ಸಿಟ್ಟನ್ನು ಹೊತ್ತುಕೊಂಡು ಹೋದರು. ಅದು ನನ್ನದು. ಹೆಸರನ್ನು ಕಳಿಸು, ಬಿಡು, ನಿನ್ನಿಷ್ಟ; ಆ ಸಿಟ್ಟನ್ನು ಮಾತ್ರ ಅವರಿಂದ ತೆಗೆದು ನನಗೆ ಕೊಡು.